ಮನೆಯ ಹಾಗೆ ಕಟ್ಟಿದ ಚಾಪೆಲ್

ಇಂಗ್ಲೆಂಡಿನ ಕ್ರೂ ಊರಿನ ಹತ್ತಿರ ಮಗಳ ಮನೆ. ಒಂದು ಭಾನುವಾರ ಇಬ್ಬರೂ ಎಂಗಲ್‌ಸೀ ಬ್ರೂಕ್ ಅನ್ನುವ ಪುಟ್ಟ ಹಳ್ಳಿಗೆ ಹೋದೆವು. ಅಲ್ಲಿ 1828ರಲ್ಲಿ ಪ್ರಿಮಿಟಿವ್ ಮೆಥಡಿಸ್ಟರು ಅನ್ನುವ ಕ್ರೈಸ್ತ ಪಂಗಡದವರು ಕಟ್ಟಿದ ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾ ಮಂದಿರ ಇದೆ. ಈಗ ಅದು ಮ್ಯೂಸಿಯಂ.

"ಅಮ್ಮಾ, ಇದೇನಾ? ಯಾರದೋ ಮನೆ ಥರ ಇದೆ" ಅಂದಳು ಮಗಳು. ನನಗೂ ಹಾಗೇ ಅನಿಸಿತು. ಬೆಂಗಳೂರಿನ ಹಡ್ಸನ್ ಚರ್ಚ್ ಎದುರು ವರ್ಷಗಟ್ಟಲೆ ಬಸ್ಸಿಗೆ ಕಾದವಳು ನಾನು. ಅದನ್ನು ಕಟ್ಟಿದವರೂ ಮೆಥಡಿಸ್ಟರೇ, ಆದರೆ ಮೂಲ ಪಂಗಡವಾದ ವೆಸ್ಲಿಯನ್ನರು. ಆ ಕಲ್ಲು, ಆ ಚೂಪು ಕಮಾನು ಎಲ್ಲಿ, ಈ ಸಾದಾ ಕೆಂಪು ಇಟ್ಟಿಗೆ ಎಲ್ಲಿ!

ಇದರ ಹಿಂದಿನ ಕಥೆ ದೊಡ್ಡದು. ಹ್ಯೂ ಬೋರ್ನ್ ಒಬ್ಬ ಬಡಗಿ. 1807ರ ಮೇ 31ರಂದು ಅವರು ಮತ್ತು ಜೊತೆಗಾರರು ಮೌ ಕಾಪ್ ಗುಡ್ಡದ ಮೇಲೆ ಬಯಲಲ್ಲೇ ಪ್ರಾರ್ಥನೆ ಸಭೆ ನಡೆಸಿದರು. ಬೆಳಗ್ಗೆ ಶುರುವಾಗಿದ್ದು ರಾತ್ರಿವರೆಗೆ ನಡೆಯಿತು. ಹಿರಿಯ ವೆಸ್ಲಿಯನ್ನರಿಗೆ ಇಂಥ ಸಭೆಗಳು ಹಿಡಿಸಲಿಲ್ಲ. ಮರುವರ್ಷ ಬೋರ್ನ್ ಅವರನ್ನು ತಮ್ಮ ಪಂಗಡದಿಂದ ಹೊರಗೆ ಹಾಕಿದರು. 1810ರಲ್ಲಿ ಕುಂಬಾರಿಕೆ ಕೆಲಸದ ವಿಲಿಯಂ ಕ್ಲೌಸ್ ಅವರನ್ನೂ. ಹೊರಬಿದ್ದವರೇ ಸೇರಿ ಬೇರೆ ಸಭೆ ಕಟ್ಟಿದರು, ಅದೇ ಪ್ರಿಮಿಟಿವ್ ಮೆಥಡಿಸ್ಟ್ ಪಂಗಡ. ಹೆಂಗಸರೂ ಅಲ್ಲಿ ಎದ್ದು ನಿಂತು ಬೋಧಿಸಿದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ, ಅಲ್ವಾ?

1811ರಲ್ಲಿ ಟನ್‌ಸ್ಟಾಲ್‌ನಲ್ಲಿ ಕಟ್ಟಿದ ಮೊದಲ ಚಾಪೆಲ್ ವಿಷಯ ಕೇಳಿ ನನಗೆ ಗಂಟಲು ಕಟ್ಟಿತು. ಸಭೆ ನಿಲ್ಲದೆ ಹೋದರೆ ಕಟ್ಟಡ ವ್ಯರ್ಥವಾಗಬಾರದು, ನಾಲ್ಕು ಮನೆ ಮಾಡಿಕೊಳ್ಳಬಹುದು ಅಂತ ಲೆಕ್ಕ ಹಾಕಿಯೇ ಗೋಡೆ ಎಬ್ಬಿಸಿದರಂತೆ. ಬಡವರ ದುಡ್ಡು. ಒಂದು ಇಟ್ಟಿಗೆಯೂ ದಂಡವಾಗುವ ಹಾಗಿರಲಿಲ್ಲ. ಬಡಗಿಯೇ ಹೀಗೆ ಯೋಚಿಸಬಲ್ಲ.

ಒಳಗೆ ಮರದ ಬೆಂಚಿನ ಮೇಲೆ ಸುಮ್ನೆ ಕೂತೆ. ಬೆನ್ನಿಗೆ ನೆಟ್ಟಗಿನ ಹಲಗೆ. ಕೈ ಇಡುವ ಅಂಚು ಮಾತ್ರ ಸವೆದು ನುಣ್ಣಗಾಗಿತ್ತು. ದಿನವಿಡೀ ಹೊಲದಲ್ಲಿ ದುಡಿದ ಕೈಗಳು ಅಲ್ಲಿ ಊರಿರಬೇಕು. ಅಂಥ ಕೂಲಿಗಳಿಗಾಗಿ 1872ರಲ್ಲಿ ಸಂಘ ಕಟ್ಟಿದ ಜೋಸೆಫ್ ಆರ್ಚ್ ಕೂಡ ಇದೇ ಪಂಗಡದ ಬೋಧಕರು.

1852ರಲ್ಲಿ ತೀರಿಕೊಂಡ ಬೋರ್ನ್ ಅವರ ಸಮಾಧಿ ಇದೇ ಊರಲ್ಲಿದೆ. ಅಲ್ಲಿ ಸ್ವಲ್ಪ ಹೊತ್ತು ನಿಂತೆವು.

ಒಡೆದುಹೋಗಿದ್ದ ಮೆಥಡಿಸ್ಟ್ ಪಂಗಡಗಳು 1932ರಲ್ಲಿ ಮತ್ತೆ ಒಂದಾದವು. ಒಂದೇ ಊರಲ್ಲಿ ಎರಡೆರಡು ಚಾಪೆಲ್ ಜಾಸ್ತಿಯಾದವು. ಎಷ್ಟೋ ಮುಚ್ಚಿದವು, ಮಾರಾಟವಾದವು. ವಾಪಸ್ ಬರುವಾಗ ದಾರಿಯಲ್ಲಿ ಒಂದು ಕಟ್ಟಡದ ಎದುರು ಮಗಳು ಕಾರು ನಿಧಾನ ಮಾಡಿದಳು. ಬಾಗಿಲ ಮೇಲಿನ ಕಲ್ಲಿನಲ್ಲಿ 'ಚಾಪೆಲ್' ಅನ್ನುವ ಅಕ್ಷರ ಹಾಗೇ ಇತ್ತು. ಕೆಳಗಿನ ಕಿಟಕಿಗೆ ಹೂವಿನ ಪರದೆ. ಒಳಗೆ ಯಾರೋ ದೀಪ ಹಚ್ಚಿದರು.