ಎರವಲು ಆಪ್, ಪ್ರಗತಿ ಟಿಪ್ಪಣಿ: ಲಾಗಿನ್ ಆದವರು ಕೇಳಿದ ಪುಟಕ್ಕೇ ಹೋಗಲಿ

ಈ ಹಂತದ ಕೆಲಸ ಒಂದೇ. ಲಾಗಿನ್ ಆಗದೆ /ಪುಸ್ತಕ/212/ ಲಿಂಕ್ ಒತ್ತಿದ ಸದಸ್ಯರು ಪಾಸ್‌ವರ್ಡ್ ಕೊಟ್ಟ ಮೇಲೆ ಮುಖಪುಟಕ್ಕೆ ಹೋಗದೆ ಅದೇ 212ನೇ ಪುಸ್ತಕದ ಮುಂದೆ ನಿಲ್ಲಬೇಕು. ಪುಸ್ತಕ ಎರವಲು ಕೊಡುವ ಗ್ರಂಥಾಲಯದ ಈ ಆಪ್ ಪೈಥಾನ್‌ನ ವೆಬ್ ಚೌಕಟ್ಟಾದ ಜಾಂಗೋ 5.2ರಲ್ಲಿದೆ; ಕೋರಿಕೆ ಮೊದಲು ಪಡೆಯುವ ವೆಬ್ ಸರ್ವರ್ ಎಂಜಿನ್‌ಎಕ್ಸ್, ಅದರ ಹಿಂದೆ ಜಾಂಗೋ ನಡೆಸುವ ಸರ್ವರ್ ಗುನಿಕಾರ್ನ್. ಜಾಂಗೋ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ ಅನ್ನುವುದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿನ ಲೆಕ್ಕ ಇಲ್ಲಿದೆ.

ಮೂಲ ದಾರಿ: ಮುಗಿದಿದೆ

5.1ರಲ್ಲಿ ಬಂದ ಲಾಗಿನ್‌ರಿಕ್ವೈರ್ಡ್‌ಮಿಡಲ್‌ವೇರ್ ಹಾಕಿದ್ದೇವೆ. ಪ್ರತಿ ಕೋರಿಕೆಯನ್ನೂ ಮೊದಲೇ ತಡೆದು ಲಾಗಿನ್ ಆಗಿದೆಯೇ ಎಂದು ನೋಡುವ ಪದರ ಇದು. ಒಂದೊಂದು ವ್ಯೂಗೂ (ಪುಟ ಕೊಡುವ ಕೋಡ್) ಡೆಕೊರೇಟರ್ (ಕೋಡ್ ಮೇಲೆ ಹಚ್ಚುವ ಗುರುತು) ಬರೆಯಬೇಕಿಲ್ಲ. ಸಾರ್ವಜನಿಕ ಪುಟಗಳಿಗೆ ಮಾತ್ರ ಲಾಗಿನ್_ನಾಟ್_ರಿಕ್ವೈರ್ಡ್ ಹಚ್ಚಿದರೆ ಸಾಕು. ಲಾಗಿನ್ ಆಗದವರಿಗೆ 302 (‘ಬೇರೆ ವಿಳಾಸಕ್ಕೆ ಹೋಗಿ’ ಎಂಬ ರಿಡೈರೆಕ್ಟ್) ಸಿಗುತ್ತದೆ, ಕೇಳಿದ ವಿಳಾಸ ಪ್ರಶ್ನೆಚಿಹ್ನೆಯ ನಂತರ ನೆಕ್ಸ್ಟ್ ಎಂಬ ಪ್ಯಾರಾಮೀಟರ್ ಆಗಿ ಲಾಗಿನ್ ಪುಟಕ್ಕೆ ಹೋಗುತ್ತದೆ.

ಇದು ಸಾಮಾನ್ಯವಾಗಿ ಕೆಡುವುದು ಟೆಂಪ್ಲೇಟ್‌ನಲ್ಲಿ (ಪುಟದ ಎಚ್‌ಟಿಎಂಎಲ್ ಅಚ್ಚು). ಫಾರ್ಮ್‌ನ ಆ್ಯಕ್ಷನ್ (ಎಲ್ಲಿಗೆ ಕಳಿಸಬೇಕೆಂಬ ವಿಳಾಸ) ಖಾಲಿ ಬಿಟ್ಟರೆ ಬ್ರೌಸರ್ ಈಗಿನ ವಿಳಾಸಕ್ಕೇ ಪೋಸ್ಟ್ ಮಾಡುತ್ತದೆ, ನೆಕ್ಸ್ಟ್ ಉಳಿಯುತ್ತದೆ. ಆ್ಯಕ್ಷನ್‌ನಲ್ಲಿ ಲಾಗಿನ್ ವಿಳಾಸ ಬರೆದರೆ ಪ್ರಶ್ನೆಚಿಹ್ನೆಯ ಮುಂದಿನದೆಲ್ಲ ಉದುರುತ್ತದೆ. ಆಗ ಎಲ್ಲರೂ ಹೋಗುವುದು ಲಾಗಿನ್_ರಿಡೈರೆಕ್ಟ್_ಯುಆರ್‌ಎಲ್‌ಗೆ. ಅದನ್ನೂ ಸೆಟ್ ಮಾಡಿರದಿದ್ದರೆ /ಅಕೌಂಟ್ಸ್/ಪ್ರೊಫೈಲ್/ ಎಂಬ ಇಲ್ಲದ ಪುಟಕ್ಕೆ, ಅಂದರೆ 404ಕ್ಕೆ. ನಾವು ಆ್ಯಕ್ಷನ್ ಬರೆದೇ, ನೆಕ್ಸ್ಟ್ ಅನ್ನು ಹಿಡನ್ ಇನ್‌ಪುಟ್ (ಪುಟದಲ್ಲಿ ಕಾಣದ ಖಾನೆ) ಆಗಿ ಇಟ್ಟಿದ್ದೇವೆ. ಲಾಗಿನ್‌ವ್ಯೂ ಮೊದಲು ಪೋಸ್ಟ್‌ನಲ್ಲಿ (ಫಾರ್ಮ್ ಕಳಿಸಿದ ಮಾಹಿತಿ) ಹುಡುಕಿ, ಸಿಗದಿದ್ದರೆ ಗೆಟ್‌ನಲ್ಲಿ (ವಿಳಾಸದಲ್ಲಿ ಬಂದ ಮಾಹಿತಿ) ನೋಡುವುದರಿಂದ, ಒಮ್ಮೆ ಪಾಸ್‌ವರ್ಡ್ ತಪ್ಪಿದರೂ ವಿಳಾಸ ಕಳೆಯುವುದಿಲ್ಲ.

ವಿಳಾಸವನ್ನು ಸೆಷನ್‌ನಲ್ಲಿ (ಒಂದು ಬ್ರೌಸರ್ ಬಗ್ಗೆ ಸರ್ವರ್ ನೆನಪಿಡುವ ಮಾಹಿತಿ) ಇಡಬಹುದಲ್ಲ? ಇಡಬಹುದು, ಆದರೆ ಸೆಷನ್‌ನಲ್ಲಿ ಜಾಗ ಒಂದೇ. ಎರಡು ಟ್ಯಾಬ್‌ಗಳಲ್ಲಿ ಎರಡು ಪುಸ್ತಕ ತೆರೆದರೆ ಎರಡನೆಯದು ಮೊದಲನೆಯದನ್ನು ಅಳಿಸುತ್ತದೆ. ನೆಕ್ಸ್ಟ್ ಆಯಾ ಟ್ಯಾಬ್‌ನ ವಿಳಾಸದಲ್ಲೇ ಇರುವುದರಿಂದ ಆ ತಂಟೆ ಇಲ್ಲ.

ಪೋಸ್ಟ್ ಮತ್ತು ಫೆಚ್: ಮುಗಿದಿದೆ, ಹೆಚ್ಚು ಸಮಯ ತಿಂದದ್ದು ಇದೇ

ಸದಸ್ಯರು ಎರವಲು ಫಾರ್ಮ್ ತುಂಬುತ್ತಿರುವಾಗಲೇ ಸೆಷನ್ ಮುಗಿಯಿತು ಅನ್ನಿ. ‘ಕಳಿಸು’ ಒತ್ತಿದಾಗ ಮಿಡಲ್‌ವೇರ್ ಲಾಗಿನ್‌ಗೆ ಅಟ್ಟುತ್ತದೆ. ನೆಕ್ಸ್ಟ್‌ನಲ್ಲಿ ಕೂರುವುದು /ಎರವಲು/ಉಳಿಸು/. ಲಾಗಿನ್ ಆದ ಮೇಲೆ ಬ್ರೌಸರ್ ಅಲ್ಲಿಗೆ ಗೆಟ್ ಕಳಿಸುತ್ತದೆ, ಆ ವ್ಯೂ ಪೋಸ್ಟ್ ಮಾತ್ರ ಒಪ್ಪುತ್ತದೆ, ಪರಿಣಾಮ 405 (‘ಈ ಮೆಥಡ್ ಇಲ್ಲಿ ಸಲ್ಲದು’). 302ರ ಬದಲು 307 ಬಳಸಿದರೆ ಮೆಥಡ್ (ಗೆಟ್ ಅಥವಾ ಪೋಸ್ಟ್) ಮತ್ತು ಬಾಡಿ (ಜೊತೆಗೆ ಕಳಿಸಿದ ಮಾಹಿತಿ) ಉಳಿಯುತ್ತವೆ ನಿಜ, ಆದರೆ ಉಳಿದು ಹೋಗುವುದು ಲಾಗಿನ್ ವ್ಯೂಗೆ. ಎರವಲು ಫಾರ್ಮ್‌ನ ಮಾಹಿತಿಗೆ ಅಲ್ಲೇನು ಕೆಲಸ?

ಫೆಚ್‌ನದು ಇನ್ನೂ ನವಿರಾದ ಕಾಟ. ಪುಟದ ಸ್ಕ್ರಿಪ್ಟ್ ಫೆಚ್ ಮೂಲಕ ಕಳಿಸುವ ಹಿನ್ನೆಲೆಯ ಕೋರಿಕೆ 302 ಅನ್ನು ಸದ್ದಿಲ್ಲದೆ ಹಿಂಬಾಲಿಸಿ ಲಾಗಿನ್ ಪುಟದ ಎಚ್‌ಟಿಎಂಎಲ್ ಅನ್ನು 200ರ (‘ಎಲ್ಲ ಸರಿ’) ಜೊತೆ ತರುತ್ತದೆ. ಜೇಸನ್‌ಗೆ (ಸ್ಕ್ರಿಪ್ಟ್‌ಗಳು ಓದುವ ಮಾಹಿತಿಯ ರೂಪ) ಕಾದಿದ್ದ ಸ್ಕ್ರಿಪ್ಟ್ ಅಲ್ಲೇ ಮುರಿಯುತ್ತದೆ.

ಪರಿಹಾರ: ಮಿಡಲ್‌ವೇರ್ ಅನ್ನು ವಿಸ್ತರಿಸಿ ಹ್ಯಾಂಡಲ್_ನೋ_ಪರ್ಮಿಶನ್ ಮೆಥಡ್ ಅನ್ನು ನಾವೇ ಬರೆದಿದ್ದೇವೆ. ಕೋರಿಕೆ ಯಾವ ಬಗೆಯದೆಂದು ಬ್ರೌಸರ್ ತಿಳಿಸುವ ಸೆಕ್-ಫೆಚ್-ಮೋಡ್ ಹೆಡರ್ ‘ನ್ಯಾವಿಗೇಟ್’ (ಪುಟ ತೆರೆಯುವುದು) ಅಲ್ಲದಿದ್ದರೆ ರಿಡೈರೆಕ್ಟ್ ಇಲ್ಲ, ಬರೀ 401 (‘ಲಾಗಿನ್ ಆಗಿಲ್ಲ’). ಸ್ಕ್ರಿಪ್ಟ್ ತಾನಿರುವ ಪುಟದ ವಿಳಾಸವನ್ನು ನೆಕ್ಸ್ಟ್‌ಗೆ ಹಾಕಿ ಲಾಗಿನ್‌ಗೆ ಹೋಗುತ್ತದೆ. ಹೆಡರ್ ಕಳಿಸದ ಹಳೆಯ ಬ್ರೌಸರ್‌ಗಳಿಗೆ ಯಾವ ರೂಪದ ಉತ್ತರ ಬೇಕೆಂದು ಹೇಳುವ ಆ್ಯಕ್ಸೆಪ್ಟ್ ಹೆಡರ್ ನೋಡುತ್ತೇವೆ. ಗೆಟ್ ಅಲ್ಲದ ಕೋರಿಕೆಯಾದರೆ ನೆಕ್ಸ್ಟ್‌ಗೆ ಹಾಕುವುದು ರೆಫರರ್‌ನ (ಕೋರಿಕೆ ಹೊರಟ ಪುಟದ ವಿಳಾಸ) ಪಾತ್ ಭಾಗ ಮಾತ್ರ, ಅದೂ ನಮ್ಮದೇ ಹೋಸ್ಟ್ (ತಾಣ) ಆಗಿದ್ದರೆ. ತುಂಬಿದ ಮಾಹಿತಿ ಉಳಿಸುವ ಗೋಜಿಗೆ ಹೋಗಿಲ್ಲ. ಖಾಲಿ ಫಾರ್ಮ್‌ಗೆ ಮರಳಿದರೆ ಸಾಕು.

ಒಂದು ಉಪಕಥೆ: ಲಾಗಿನ್ ಆದಾಗ ಜಾಂಗೋ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ತಾಣದಿಂದಲೇ ಬಂತೆಂದು ತೋರಿಸುವ ಗುಪ್ತ ಸಂಕೇತ) ಬದಲಿಸುತ್ತದೆ. ಹಾಗಾಗಿ ಲಾಗಿನ್‌ಗೆ ಮೊದಲೇ ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿದ್ದ ಫಾರ್ಮ್ ಕಳಿಸಿದರೆ 403 (‘ಅನುಮತಿ ಇಲ್ಲ’) ಬರುತ್ತದೆ. ಇದು ದೋಷವಲ್ಲ, ಆ 403 ಪುಟದಲ್ಲಿ ‘ಪುಟ ರಿಫ್ರೆಶ್ ಮಾಡಿ’ ಎಂದು ಕನ್ನಡದಲ್ಲಿ ಹೇಳಿದ್ದೇವೆ.

ಹೊರಗಿನ ವಿಳಾಸ: ಮುಗಿದಿದೆ

ನೆಕ್ಸ್ಟ್ ಯಾರು ಬೇಕಾದರೂ ಬರೆಯಬಹುದಾದ ಪ್ಯಾರಾಮೀಟರ್. ನಮ್ಮ ಲಾಗಿನ್ ಲಿಂಕ್‌ಗೆ ಕಳ್ಳ ತಾಣದ ವಿಳಾಸ ಅಂಟಿಸಿ ಕಳಿಸಿದರೆ, ಪಾಸ್‌ವರ್ಡ್ ಕೊಟ್ಟ ಸದಸ್ಯರು ನೇರ ಅಲ್ಲಿಗೇ ಹೋಗುತ್ತಾರೆ. ಲಾಗಿನ್‌ವ್ಯೂ ಇದನ್ನು ತಡೆಯುತ್ತದೆ, ಆದರೆ ಕೈಯಲ್ಲಿ ಬರೆದ ಒಟಿಪಿ ಮತ್ತು ನೋಂದಣಿ ವ್ಯೂಗಳಿಗೆ ಆ ಕಾವಲು ಇಲ್ಲ. ‘/ ಇಂದ ಶುರುವಾದರೆ ನಮ್ಮದೇ’ ಎಂಬ ಪರೀಕ್ಷೆ ಸಾಲದು. ಎರಡು ಸ್ಲ್ಯಾಶ್ ಇದ್ದರೆ ಮುಂದಿನದು ಬೇರೆ ಹೋಸ್ಟ್. \ ಅನ್ನೂ ಬ್ರೌಸರ್ ಸ್ಲ್ಯಾಶ್ ಎಂದೇ ಓದುತ್ತದೆ. ಎರಡು ಸ್ಲ್ಯಾಶ್ ನಡುವೆ ಟ್ಯಾಬ್ ಅಕ್ಷರ ಇಟ್ಟರೆ ಅದನ್ನು ತೆಗೆದುಹಾಕಿ ಓದುತ್ತದೆ. ಇದಕ್ಕೆ ಸ್ವಂತ ರೆಗೆಕ್ಸ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬರೆಯುವ ಹುಮ್ಮಸ್ಸು ಬೇಡ. ಒಟಿಪಿ, ನೋಂದಣಿ ಎರಡೂ ಕಡೆ ವಿಳಾಸ ನಮ್ಮದೇ ಹೋಸ್ಟ್‌ನದೇ ಎಂದು ನೋಡುವ ಜಾಂಗೋದ ಯುಆರ್‌ಎಲ್_ಹ್ಯಾಸ್_ಅಲೌಡ್_ಹೋಸ್ಟ್_ಅಂಡ್_ಸ್ಕೀಮ್ ಫಂಕ್ಷನ್ ಕರೆದಿದ್ದೇವೆ. 3.0ಕ್ಕೂ ಹಿಂದಿನ ಪಾಠಗಳಲ್ಲಿ ಇದಕ್ಕೇ ಇಸ್_ಸೇಫ್_ಯುಆರ್‌ಎಲ್ ಎಂಬ ಹೆಸರಿತ್ತು.

ಕನ್ನಡ ಹುಡುಕಾಟದ ಉದ್ದ: ತಾತ್ಕಾಲಿಕ ಪರಿಹಾರ

ಯೂನಿಕೋಡ್‌ನಲ್ಲಿ ‘ಕುವೆಂಪು’ ಅಂದರೆ 7 ಸಂಕೇತ, ಒಂದೊಂದಕ್ಕೆ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟ್ %E0 ಥರದ 3 ಅಕ್ಷರವಾಗುವುದರಿಂದ ಅದು 63 ಅಕ್ಷರವಾಗುತ್ತದೆ. ಅದೇ ವಿಳಾಸ ನೆಕ್ಸ್ಟ್‌ನೊಳಗೆ ಕೂತಾಗ ಪ್ರತಿ % ಚಿಹ್ನೆಯೂ %25 ಆಗಿ ಒಟ್ಟು 105. ಗುನಿಕಾರ್ನ್‌ನ ಡೀಫಾಲ್ಟ್ ಮಿತಿ ಕೋರಿಕೆಯ ಮೊದಲ ಸಾಲಿಗೆ 4094 ಬೈಟ್. ಹೀಗಾಗಿ ಬಹುತೇಕ ಕನ್ನಡವೇ ತುಂಬಿದ, ಸುಮಾರು 2,450 ಅಕ್ಷರ ದಾಟಿದ ಫಿಲ್ಟರ್ ವಿಳಾಸ ಲಾಗಿನ್ ಆದವರಿಗೆ ಸರಿಯಾಗಿ ತೆರೆಯುತ್ತದೆ, ಆಗದವರಿಗೆ ಲಾಗಿನ್ ಪುಟವೇ ಬರುವುದಿಲ್ಲ. ಎನ್‌ಕೋಡ್ ಮಾಡುವುದನ್ನೇ ಬಿಟ್ಟರೆ & ಕಂಡಲ್ಲಿ ನೆಕ್ಸ್ಟ್ ತುಂಡಾಗಿ, ಅದರ ನಂತರದ ಪುಟಸಂಖ್ಯೆ ಲಾಗಿನ್ ವಿಳಾಸಕ್ಕೆ ಸೇರಿಬಿಡುತ್ತದೆ. ಸದ್ಯಕ್ಕೆ ನೆಕ್ಸ್ಟ್ 1500 ಅಕ್ಷರ ಮೀರಿದರೆ ಪಾತ್ ಮಾತ್ರ ಉಳಿಸಿ ಹುಡುಕಾಟ ಬಿಡುತ್ತಿದ್ದೇವೆ. ಲೇಖಕರ ಹೆಸರಿನ ಬದಲು ಐಡಿ ಬಳಸುವುದೇ ಸರಿಯಾದ ದಾರಿ.

ಬಾಕಿ

ಅನುಮತಿ ಇಲ್ಲದ ಪುಟಗಳಲ್ಲಿ ಸುತ್ತು ಇನ್ನೂ ಇದೆ. ಅನುಮತಿ ಪರೀಕ್ಷಿಸುವ ಪರ್ಮಿಶನ್_ರಿಕ್ವೈರ್ಡ್, ಲಾಗಿನ್ ಆದವರನ್ನೂ ತಾನಾಗಿ ಲಾಗಿನ್‌ಗೆ ಅಟ್ಟುತ್ತದೆ. ರಿಡೈರೆಕ್ಟ್_ಅಥೆಂಟಿಕೇಟೆಡ್_ಯೂಸರ್ ಆನ್ ಇರುವ ಲಾಗಿನ್ ಪುಟ, ಈಗಾಗಲೇ ಲಾಗಿನ್ ಆಗಿದ್ದಾರೆಂದು, ವಾಪಸ್ ಅಟ್ಟುತ್ತದೆ. ಕೊನೆಗೆ ಬ್ರೌಸರ್ ಕೈಚೆಲ್ಲುತ್ತದೆ. ಎಲ್ಲ ಕಡೆ ರೈಸ್_ಎಕ್ಸೆಪ್ಶನ್ ಅನ್ನು ಟ್ರೂ ಮಾಡಿ 403 ಕೊಡಿಸಬೇಕು. ಗ್ರಂಥಪಾಲಕರ ಪುಟಗಳಲ್ಲಿ ಆಗಿದೆ, ವರದಿ ಪುಟಗಳಲ್ಲಿ ಆಗಿಲ್ಲ.

ವಿಳಾಸದಲ್ಲಿ # ನಂತರದ ಭಾಗ ಸರ್ವರ್‌ಗೆ ಬರುವುದೇ ಇಲ್ಲ. ಆದರೆ ರಿಡೈರೆಕ್ಟ್ ಆದಾಗ ಬ್ರೌಸರ್ ಅದನ್ನು ಲಾಗಿನ್ ವಿಳಾಸದ ತುದಿಗೆ ಅಂಟಿಸಿಕೊಂಡು ಬರುತ್ತದೆ. ಅದನ್ನೆತ್ತಿ ಹಿಡನ್ ಇನ್‌ಪುಟ್‌ಗೆ ಸೇರಿಸುವ ಎರಡು ಸಾಲಿನ ಸ್ಕ್ರಿಪ್ಟ್ ಮುಂದಿನ ಆವೃತ್ತಿಗೆ.