23 ದೃಶ್ಯಕ್ಕೆ ಒಂದು ಮೇಜು

ಅಮೆರಿಕದ ನಾಟಕಕಾರ ಡೇವಿಡ್ ಮ್ಯಾಮೆಟ್ ಅವರ ‘ಎಡ್ಮಂಡ್’ ನಾಟಕವನ್ನು ನಮ್ಮ ತಂಡ ಕನ್ನಡದಲ್ಲಿ ಆಡಿದಾಗ ರಂಗಸಜ್ಜಿಕೆ, ಪರಿಕರ ಎರಡೂ ನನ್ನ ತಲೆಗೇ ಬಿದ್ದವು. 1982ರಲ್ಲಿ ಶಿಕಾಗೋದಲ್ಲಿ ಮೊದಲು ರಂಗಕ್ಕೆ ಬಂದ ನಾಟಕ. ಕತೆ ನಡೆಯುವುದು ನ್ಯೂಯಾರ್ಕಿನಲ್ಲಿ. ಭವಿಷ್ಯ ಹೇಳುವವಳ ಮಾತು ಕೇಳಿ ಮನೆಗೆ ಬಂದ ಎಡ್ಮಂಡ್, ಹೆಂಡತಿಗೆ ‘ಹೊರಟೆ’ ಎಂದು ಹೇಳಿ ಬೀದಿಗಿಳಿಯುತ್ತಾನೆ. ಬಾರು, ಸೂಳೆಮನೆ, ಇಸ್ಪೀಟಿನ ಮೋಸ, ಗಿರವಿ ಅಂಗಡಿ, ಕೊಲೆ, ಜೈಲು. ಕತೆಯನ್ನು ಮೆಜೆಸ್ಟಿಕ್‌ಗೆ ತಂದುಬಿಡೋಣ ಎಂದು ಯಾರೋ ಹೇಳಿದ್ದರು. ಪುಣ್ಯಕ್ಕೆ ಅದು ಬಿದ್ದುಹೋಯಿತು. ಎಡ್ಮಂಡ್ ಕರಿಯರ ಮೇಲೆ ಕಾರುವ ದ್ವೇಷ ನ್ಯೂಯಾರ್ಕಿನದೇ, ಅದಕ್ಕೆ ಇಲ್ಲಿ ಬದಲಿ ಹುಡುಕುವುದು ಕಳ್ಳಾಟ.

23 ದೃಶ್ಯ ಎಂದೊಡನೆ ನನ್ನ ಬುದ್ಧಿ ಓಡಿದ್ದು ಲಾರಿಯ ಕಡೆಗೆ. ಬಾರಿನ ಎತ್ತರದ ಸ್ಟೂಲುಗಳು, ಗಿರವಿ ಅಂಗಡಿಯ ಗಾಜಿನ ಪೆಟ್ಟಿಗೆ, ಹೋಟೆಲಿನ ಕೌಂಟರ್, ಎರಡು ಮಂಚ, ಎಲ್ಲವನ್ನೂ ಬಾಡಿಗೆಗೆ ತಂದೆ. ಮೊದಲ ಪೂರ್ಣ ತಾಲೀಮಿನಲ್ಲಿ ಪ್ರತಿ ದೃಶ್ಯ ಬದಲಾವಣೆಗೂ 45 ಸೆಕೆಂಡು. ಕೂಡಿಸಿದರೆ 16 ನಿಮಿಷ ಬರೀ ಕತ್ತಲು, ಮಂಚದ ಕಾಲಿನ ಕಿರ್ರೆನ್ನುವ ಸದ್ದು. ನಿರ್ದೇಶಕಿ ಕೇಳಿದರು: “ಇವನು ಮನೆ ಬಿಟ್ಟು ಹೊರಟವನೋ, ಮನೆ ಖಾಲಿ ಮಾಡುತ್ತಿರುವವನೋ?”

ಜಾರತೊಡಗಿದವನು ಹಿಡಿಯಲು ಏನೂ ಸಿಗದೆ ಜಾರುತ್ತಲೇ ಹೋಗುವ ನಾಟಕದಲ್ಲಿ ನಾನು ಪ್ರೇಕ್ಷಕರಿಗೆ 22 ಬಾರಿ ಕೆಮ್ಮಲು ಬಿಡುವು ಕೊಟ್ಟಿದ್ದೆ.

ಮರುದಿನ ಮತ್ತೆ ಓದಿದೆ, ಎಡ್ಮಂಡ್ ಎಲ್ಲೆಲ್ಲಿ ಯಾರೆದುರು ನಿಲ್ಲುತ್ತಾನೆ ಎಂಬುದನ್ನಷ್ಟೇ ಗುರುತು ಹಾಕುತ್ತ. ಹೋದಲ್ಲೆಲ್ಲ ಅವನು ದರ ಕೇಳುತ್ತಾನೆ. ಬಾರಿನ ಹುಡುಗಿಯ ಜೊತೆ ಚೌಕಾಸಿ, ದುಡ್ಡಿಗೆ ಮೈ ತೋರಿಸುವ ಪೀಪ್ ಶೋನಲ್ಲಿ ಗಾಜಿನ ಆಚೆ ಕುಳಿತವಳ ಜೊತೆ ಚಿಲ್ಲರೆಗಾಗಿ ಜಗಳ. ಉಂಗುರ ಒತ್ತೆಯಿಡಲು ಹೋದವನು ಚಾಕು ಕೊಂಡು ಬರುತ್ತಾನೆ. ಅಷ್ಟು ದೊಡ್ಡ ಊರಿನಲ್ಲಿ ಅವನಿಗೂ ಎದುರಿನವರಿಗೂ ನಡುವೆ ಸದಾ ಒಂದು ಹಲಗೆ ಅಡ್ಡ.

ಒಂದು ಉದ್ದನೆಯ ಮೇಜು, ಎರಡು ಕುರ್ಚಿ, ಒಂದು ಮಂಚ ಉಳಿಸಿಕೊಂಡೆವು. ದೀಪ ಆರಿಸಲಿಲ್ಲ, ನಟನೇ ಮೇಜನ್ನು ತಿರುಗಿಸಿಕೊಂಡು ಮುಂದಿನ ದೃಶ್ಯಕ್ಕೆ ನಡೆದ. ಎಡ್ಮಂಡ್ ಕೊಲ್ಲುವ ಹೋಟೆಲ್ ಪರಿಚಾರಕಿ ಗ್ಲೆನ್ನಾಳ ಮಂಚವೇ ಜೈಲಿನ ಮಂಚವಾಯಿತು. ನಡುವೆ ಚಾದರ ಬದಲಾಯಿಸಲೇ ಎಂದು ಕೇಳಿದೆ. “ಬೇಡ, ಅವನೇ ಮಡಚಲಿ” ಎಂದರು ನಿರ್ದೇಶಕಿ.

ಉಳಿದ ಸಾಮಾನು ಹಿಂತಿರುಗಿಸಿ ಮುಂಗಡ ಕೇಳಲು ಹೋದೆ. ಬಾಡಿಗೆ ಅಂಗಡಿಯವರು ಕೌಂಟರಿನ ಆಚೆ, ನಾನು ಈಚೆ. ಅರ್ಧ ಗಂಟೆ ಚೌಕಾಸಿ ಮಾಡಿ ಅರ್ಧ ಹಣ ತಂದೆ.