ದುರ್ಗದ ಬಂಡಿದಾರಿ, ಕಾಲುದಾರಿಗಳಲ್ಲಿ: ನಡೆಯಲು ಬರುವವರಿಗೆ ಒಂದಿಷ್ಟು ಮಾತು

ಚಿತ್ರದುರ್ಗದ ಸುತ್ತ ನಡೆಯಬೇಕೆನ್ನುವವರು ಮೊದಲು ತಿಂಗಳು ನೋಡಿಕೊಳ್ಳಿ. ಸೆಪ್ಟೆಂಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಮಳೆಯಿಂದ ಗುಡ್ಡದ ಮೇಲೆ ಹುಲ್ಲು ಬೆಳೆದಿರುತ್ತದೆ. ಹೊಲಗಳಲ್ಲಿ ಶೇಂಗಾ ಕೀಳುವ, ಮೆಕ್ಕೆಜೋಳ ಮುರಿಯುವ ಕೆಲಸ ನಡೆದಿರುತ್ತದೆ. ಸೀತಾಫಲವೂ ಅದೇ ಹೊತ್ತಿಗೆ ಬರುತ್ತದೆ. ಮಾರ್ಚ್ ಆಯಿತೆಂದರೆ ಇಲ್ಲಿನ ಬಂಡೆಗಳು ಬೆಳಗ್ಗೆ ಒಂಬತ್ತಕ್ಕೇ ಕಾಯತೊಡಗುತ್ತವೆ. ಆಗ ಬರಬೇಡಿ.

ನಮ್ಮದು ಊರಿನದೇ ಒಂದು ನಡಿಗೆಯ ಬಳಗ. ಮೇಷ್ಟ್ರು, ಬ್ಯಾಂಕಿನವರು, ಅಂಗಡಿಯವರು, ಸರ್ವೆ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು, ಕಾಲೇಜಿನ ಹುಡುಗ ಹುಡುಗಿಯರು ಇದ್ದಾರೆ. ಗುಡ್ಡದ ತುದಿ ಮುಟ್ಟಿ ಫೋಟೋ ತೆಗೆಸಿಕೊಳ್ಳುವುದಕ್ಕಿಂತ ಹೊಲಗಳ ನಡುವೆ ಊರಿಂದೂರಿಗೆ ಹೋಗುವ ಹಳೆಯ ದಾರಿಗಳಲ್ಲಿ ನಡೆಯುವುದು, ಅವು ಮುಚ್ಚಿಹೋಗದಂತೆ ನೋಡಿಕೊಳ್ಳುವುದು ನಮಗೆ ಹೆಚ್ಚು. ಕಳೆದ ನವೆಂಬರಿನಲ್ಲಿ ಹೋದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳಗಿನ ಜಾವವೇ ಚಂದ್ರವಳ್ಳಿಗೆ ಹೊರಟೆವು. ಪೇಟೆಯಿಂದ ಆಟೋ ಸಿಗುತ್ತದೆ, ನಡೆದರೂ ದೂರವಲ್ಲ. ಕೋಟೆಯ ಗುಡ್ಡ, ಚೋಳಗುಡ್ಡ, ಕಿರುಬನಕಲ್ಲು, ಈ ಮೂರರ ನಡುವಿನ ಕಣಿವೆ ಇದು. ಕೆರೆ ನೋಡಿ, ಅಂಕಲಿ ಮಠದ ನೆಲದೊಳಗಿನ ಕೋಣೆಗಳಲ್ಲಿ ಇಳಿದು ಹತ್ತಿ ಹಿಂದಿರುಗುವವರೇ ಹೆಚ್ಚು (ಅಲ್ಲಿಗೆ ಒಳ್ಳೆಯ ಟಾರ್ಚ್ ಬೇಕು, ಮೊಬೈಲ್ ಬೆಳಕು ಸಾಲದು). ಭೈರವೇಶ್ವರ ಗುಡಿಯ ಪಕ್ಕದ ಬಂಡೆಯನ್ನು ಮಾತ್ರ ನೋಡದೆ ಬರಬೇಡಿ. ಕದಂಬರ ಮಯೂರಶರ್ಮ ಇಲ್ಲಿ ಕೆರೆಯ ಕೆಲಸ ಮಾಡಿಸಿದ್ದನ್ನು ಹೇಳುವ ಶಾಸನ ಅದರ ಮೇಲಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಕಾಲ 4ನೇ ಶತಮಾನ. ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ 1929ರಲ್ಲಿ, ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿ ಅಗೆದಾಗ ಶಾತವಾಹನರ ಕಾಲದ ಊರಿನ ಕುರುಹುಗಳು ಸಿಕ್ಕವು, ರೋಮನ್ ನಾಣ್ಯಗಳೂ ದೊರೆತವು. ಎಲ್ಲಿಯ ರೋಮ್, ಎಲ್ಲಿಯ ದುರ್ಗ! ಆ ನಾಣ್ಯ ಇಲ್ಲಿಗೆ ಬಂದದ್ದು ಯಾರೋ ನಡೆದು, ಬಂಡಿ ಹೊಡೆದು ಸವೆಸಿದ ದಾರಿಯಲ್ಲೇ ಅಲ್ಲವೇ ಎಂದು ಆ ಬಂಡೆಯ ಮುಂದೆ ನಿಂತಾಗಲೆಲ್ಲ ನನಗನ್ನಿಸುತ್ತದೆ.

ಅಲ್ಲಿಂದ ಮುಂದೆ ಹೊಲಗಳ ದಾರಿ. ಯಾವ ಊರು, ಯಾವ ತಿರುವು ಎಂದು ಬರೆಯುತ್ತಿಲ್ಲ. ಹಾಗೆ ಬರೆದರೆ ಬೈಕುಗಳು ನುಗ್ಗಿ ಬದುಗಳು ಹಾಳಾಗುತ್ತವೆ, ಹಾಗಾಗಿದ್ದನ್ನು ಕಂಡಿದ್ದೇವೆ. ಬಂದವರು ಊರಿನವರನ್ನು ಕೇಳಿ ನಡೆಯಿರಿ. ಕೇಳದೆ ಹೋದರೆ ಜನಕ್ಕೆ ಅನುಮಾನ ಬರುತ್ತದೆ, ಅದರಲ್ಲಿ ಅವರ ತಪ್ಪಿಲ್ಲ. ಬ್ಯಾಗು ಹಾಕಿಕೊಂಡು ಫೋನು ಹಿಡಿದು ಹೊಲ ನೋಡುತ್ತಾ ಬರುವವರೆಂದರೆ ಈ ಕಡೆ ಒಂದೋ ಗಾಳಿಯಂತ್ರದ ಕಂಪನಿಯವರು, ಇಲ್ಲವೇ ಜಮೀನಿನ ದಲ್ಲಾಳಿಗಳು. ನಮ್ಮನ್ನೂ ಒಬ್ಬ ಅಜ್ಜ ತಡೆದು ನಿಲ್ಲಿಸಿದರು.

"ಯಾವ್ ಕಡೆಯೋರು ನೀವು? ಫ್ಯಾನ್ ಕಂಪನಿಯೋರಾ?"

"ಅಲ್ಲ ಯಜಮಾನ್ರೇ, ದುರ್ಗದೋರೇ ನಾವು. ಹಿಂಗೇ ನಡ್ಕೊಂಡು ಹೊಂಟೀವಿ."

ಅಜ್ಜ ಕುಡುಗೋಲು ಕೆಳಗಿಟ್ಟು ನಮ್ಮ ಜೊತೆಗೇ ಬಂದರು. ಅವರ ಅಪ್ಪ ಈ ದಾರಿಯಲ್ಲೇ ಗಾಡಿ ಹೊಡೆದುಕೊಂಡು ದುರ್ಗದ ಸಂತೆಗೆ ಹೋಗುತ್ತಿದ್ದರಂತೆ. ಗಾಡಿಯ ಚಕ್ರ ಕೊರೆದ ಗುರುತು ಒಂದು ಕಡೆ ಬಂಡೆಯ ಮೇಲೆ ಇನ್ನೂ ಇದೆ. ಆದರೆ ಮುಂದೆ ತಂತಿ ಬೇಲಿ ಬಂದಿತ್ತು. ಬೋರ್‌ವೆಲ್ ಕೊರೆಸಿ ಹೊಸದಾಗಿ ಅಡಿಕೆ ಇಟ್ಟ ತೋಟ ಅದು. ದನ ನುಗ್ಗಿ ಸಸಿ ತುಳಿಯುತ್ತವೆ, ಹನಿ ನೀರಾವರಿ ಪೈಪು ಕಡಿಯುತ್ತವೆ ಎಂಬುದು ತೋಟದ ಹುಡುಗನ ಚಿಂತೆ. ಅದು ನ್ಯಾಯವಾದ ಚಿಂತೆಯೇ. ಅಜ್ಜನದೂ ನ್ಯಾಯವೇ: ಆಚೆ ಹೊಲಕ್ಕೆ ಗೊಬ್ಬರ ಹೊರುವ ಹೆಣ್ಣುಮಕ್ಕಳು ಈಗ ಸುತ್ತಿಕೊಂಡು ಹೋಗಬೇಕು.

ನಮ್ಮ ಸರ್ವೆಯ ಹಿರಿಯರು ಮೊದಲೇ ಗ್ರಾಮ ನಕಾಶೆ ಮುದ್ರಿಸಿಕೊಂಡು ತಂದಿದ್ದರು. ಅದರಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ಇಲ್ಲಿ ಜೋಡಿ ಗೆರೆ ಸ್ಪಷ್ಟವಾಗಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು. ಪಹಣಿ ಮತ್ತಿತರ ದಾಖಲೆಗಳಲ್ಲಿ ಇಂಥ ಜಾಗ ಬಿ ಖರಾಬು (ಸಾಗುವಳಿಗಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಂದು ಬರುವುದುಂಟು. ಆದರೆ ಅವರು ಕಾಯ್ದೆಯ ಮಾತಿನಿಂದ ಶುರು ಮಾಡಲಿಲ್ಲ. ಬೇಲಿಯ ಹೊರಗೆ ನೆರಳಲ್ಲಿ ಎಲ್ಲರನ್ನೂ ಕೂರಿಸಿ ಬುತ್ತಿ ಬಿಚ್ಚಿಸಿದರು. ರೊಟ್ಟಿ, ಶೇಂಗಾ ಚಟ್ನಿಪುಡಿ ತಿನ್ನುತ್ತಾ ನಕಾಶೆ ಹರಡಿದಾಗ ಹುಡುಗನೇ ಬೆರಳಿಟ್ಟು ತನ್ನ ತೋಟ ಹುಡುಕಿದ. ಕೊನೆಗೆ ಬೇಲಿಯಲ್ಲಿ ಒಂದು ತಡಿಕೆ ಬಾಗಿಲು ಇಡುವುದು, ಹೋದವರೆಲ್ಲ ಅದನ್ನು ಮುಚ್ಚಿಕೊಂಡೇ ಹೋಗುವುದು ಎಂದಾಯಿತು. ಮುಂದಿನ ವಾರ ನಾವು ಮಚ್ಚು, ಗುದ್ದಲಿ ತಂದು ದಾರಿಗೆ ಬಾಗಿದ ಬಳ್ಳಾರಿ ಜಾಲಿ, ಲಾಂಟಾನ ಕಡಿದೆವು. ಊರಿನವರೂ ಕೈಹಾಕಿದರು. ಎಲ್ಲ ಕಡೆಯೂ ಹೀಗೆ ಸಲೀಸಾಗಿ ಮುಗಿಯುವುದಿಲ್ಲ, ಆದರೂ ಮೊದಲು ಕೂತು ಮಾತಾಡಿ ಎಂದೇ ಹೇಳುತ್ತೇನೆ.

ನೀವು ಬರುವ ಮುನ್ನ ಗ್ರಾಮ ನಕಾಶೆಯನ್ನು ಭೂದಾಖಲೆಗಳ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಿ. ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಎರಡನ್ನೂ ಜೋಡಿಸಿ ನೋಡಿದರೆ ದಾರಿ ಎಲ್ಲಿತ್ತೆಂದು ತಿಳಿಯುತ್ತದೆ. ನಕಾಶೆಯಲ್ಲಿಲ್ಲದೆ, ಬದುವಿನ ಮೇಲೆ ರೂಢಿಯಿಂದ ಬಂದ ದಾರಿಗಳೂ ಇವೆ. ಅಲ್ಲಿ ಹೊಲದವರ ಒಪ್ಪಿಗೆ ಕೇಳಿಯೇ ಕಾಲಿಡಿ. ಸಾಲಾಗಿ ಒಬ್ಬರ ಹಿಂದೊಬ್ಬರು ನಡೆಯಿರಿ, ಬೆಳೆ ತುಳಿಯಬೇಡಿ, ಶೇಂಗಾ ಬಳ್ಳಿ ಕೀಳಬೇಡಿ. ಕೇಳಿದರೆ ಅವರೇ ಕೈತುಂಬ ಕೊಡುತ್ತಾರೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಾಡುಹಂದಿ ಕಾಟಕ್ಕೆ ಕೆಲವರು ಹೊಲದ ಸುತ್ತ ತಂತಿಗೆ ಕರೆಂಟು ಕೊಡುವುದುಂಟು. ಯಾವ ತಂತಿಯನ್ನೂ ಮುಟ್ಟಬೇಡಿ, ದಾಟಬೇಡಿ. ನಸುಕಿನಲ್ಲಿ ಅಪರಿಚಿತ ಹೊಲಕ್ಕೆ ಇಳಿಯಲೇಬೇಡಿ. ದೊಡ್ಡ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಹೊಗೆ, ಸೆಂಟು, ಗದ್ದಲ ಮೂರೂ ಬೇಡ. ಚಪ್ಪಲಿ ಸಾಲದು, ಜಾಲಿಮುಳ್ಳು ತೆಳು ಅಟ್ಟೆಯನ್ನು ತೂರಿ ಬರುತ್ತದೆ. ತಲೆಗೊಂದು ಟವೆಲ್, ಒಬ್ಬೊಬ್ಬರಿಗೆ ಕನಿಷ್ಠ 2 ಲೀಟರ್ ನೀರು ಇರಲಿ. ದಾರಿಯ ಗೋಕಟ್ಟೆಗಳ ನೀರು ದನಕ್ಕಷ್ಟೇ.

ಜೋಗಿಮಟ್ಟಿ ಕಡೆ ಮನಸ್ಸಿದ್ದರೆ ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಊರಿನಿಂದ ಸುಮಾರು 10 ಕಿ.ಮೀ., ದಾರಿಯಲ್ಲೇ ಆಡುಮಲ್ಲೇಶ್ವರದ ಕಿರು ಮೃಗಾಲಯ. 2015ರಲ್ಲಿ ವನ್ಯಜೀವಿ ಧಾಮವಾದ ಕಾಡು ಅದು. ಕರಡಿ, ಚಿರತೆ, ಕೊಂಡುಕುರಿ ಇವೆ. ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ಹೇಳಿದ ದಾರಿಯಲ್ಲೇ ಹೋಗಿ ಸಂಜೆಗೆ ಮುಂಚೆ ಇಳಿಯಬೇಕು. ಅಲ್ಲಿ ಹೊಸ ದಾರಿ ಹುಡುಕುವುದಾಗಲಿ, ಗಿಡ ಸವರುವುದಾಗಲಿ ಕೂಡದು.

ಬರುವವರಿಗೆ ಬೆಂಗಳೂರು, ದಾವಣಗೆರೆ ಎರಡೂ ಕಡೆಯಿಂದ ಹೆದ್ದಾರಿಯ ಬಸ್ಸುಗಳು ಬೇಕಾದಷ್ಟಿವೆ. ರಾತ್ರಿ ಇಲ್ಲೇ ಉಳಿದರೆ ಬೆಳಗಿನ ತಂಪು ಪೂರ್ತಿ ಸಿಗುತ್ತದೆ. ನಡೆದು ಬಂದ ಮೇಲೆ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತಿನ್ನಿ.

ನಿಮ್ಮ ಊರಿನಲ್ಲೇ ನಕಾಶೆಯ ದಾರಿ ಮುಚ್ಚಿದ್ದು ಕಂಡು, ಮಾತಿನಲ್ಲಿ ಬಗೆಹರಿಯದಿದ್ದರೆ ತಹಶೀಲ್ದಾರರಿಗೆ ಬರೆದುಕೊಡಿ. ಅರ್ಜಿಗೆ ನಕಾಶೆಯ ಪ್ರತಿ, ಸರ್ವೆ ನಂಬರ್, ಬೇಲಿಯ ಫೋಟೋ ಲಗತ್ತಿಸಿ. ಆ ದಾರಿ ಬಳಸುವ ರೈತರ ಸಹಿ ಮೊದಲು ಇರಲಿ, ನಡಿಗೆಯವರದು ಕೆಳಗೆ. ಸ್ವೀಕೃತಿ ಪಡೆಯದೆ ಬರಬೇಡಿ.